ಹಿಂದಿನ ಮುಚ್ಚಳ ತೆಗೆಯಿರಿ

ಊರಿನ ನಮ್ಮ ಮನೆಯಲ್ಲಿ 14.2 ಕಿಲೋ ಗ್ಯಾಸ್ ತುಂಬಿದ ಸಿಲಿಂಡರ್ ಇದೆ. ಅದು ಮುಗಿದಾಗ ನಮ್ಮವ್ವ ರೆಗ್ಯುಲೇಟರ್ ತೆಗೆದು, ತುಂಬಿದ್ದಕ್ಕೆ ಕೂರಿಸಿ, ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿ, ಐದು ನಿಮಿಷದಲ್ಲಿ ಮತ್ತೆ ಒಲೆ ಹಚ್ಚುತ್ತಾಳೆ. ಅವ್ವ ಓದಿದ್ದು ಏಳನೇ ಇಯತ್ತೆ. ಅದೇ ಕುಟುಂಬದಲ್ಲಿ ಇಬ್ಬರು ಇಂಜಿನಿಯರುಗಳಿದ್ದಾರೆ. ಲ್ಯಾಪ್‌ಟಾಪಿನ ಒಳಗಿರುವ, 5 ವೋಲ್ಟಿನಲ್ಲಿ ನಡೆಯುವ ಹಾರ್ಡ್ ಡಿಸ್ಕ್ ಬದಲಿಸಬೇಕು ಎಂದರೆ ಇಬ್ಬರೂ ಕೈಕಟ್ಟಿ ನಿಲ್ಲುತ್ತಾರೆ.

ಈ ಭಯ ತಾನಾಗಿ ಹುಟ್ಟಿದ್ದಲ್ಲ ಎಂಬುದು ನನ್ನ ವಾದ. ಅದನ್ನು ಹುಟ್ಟಿಸಿದ್ದಾರೆ, ಸಾಕಿದ್ದಾರೆ, ಈಗ ಅದರ ಬಡ್ಡಿ ತಿನ್ನುತ್ತಿದ್ದಾರೆ. ಹುಟ್ಟಿಸಿದವರಲ್ಲಿ ನಾನೂ ಒಂದು ಕೈ. ಅದನ್ನು ಆಮೇಲೆ ಒಪ್ಪಿಕೊಳ್ಳುತ್ತೇನೆ. ಮೊದಲು ನಡೆದದ್ದು ಹೇಳಿಬಿಡುತ್ತೇನೆ.

ಕಳೆದ ಮಳೆಗಾಲದಲ್ಲಿ, ಪುಣೆಯಲ್ಲಿ, ನನ್ನ ಏಳು ವರ್ಷದ ಲ್ಯಾಪ್‌ಟಾಪ್ ನಿಧಾನವಾಯಿತು. ಗುಂಡಿ ಒತ್ತಿ ಚಹಾಕ್ಕೆ ಇಟ್ಟರೆ, ಚಹಾ ಕುದಿದು, ಸೋಸಿ, ಕುಡಿದು ಲೋಟ ತೊಳೆದು ಬರುವ ಹೊತ್ತಿಗೆ ಪರದೆಯ ಮೇಲೆ ಇನ್ನೂ ಚುಕ್ಕೆಗಳು ಸುತ್ತುತ್ತಿದ್ದವು. ಆಮೇಲೆ ನಡುನಡುವೆ ಗೋಡೆಯಾಚೆ ಯಾರೋ ಉಗುರಿನಿಂದ ಮೇಜು ಕುಟ್ಟಿದಂಥ ಟಕ್ ಟಕ್ ಸದ್ದು ಬರತೊಡಗಿತು. ಹಾರ್ಡ್ ಡಿಸ್ಕಿನ ಒಳಗೆ ತಿರುಗುವ ತಟ್ಟೆ ಇರುತ್ತದೆ, ಅದರ ಮೇಲೆ ಓದುವ-ಬರೆಯುವ ತಲೆ ಓಡಾಡುತ್ತದೆ. ಆ ತಲೆ ತನಗೆ ಬೇಕಾದ ಜಾಗ ಸಿಗದೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಬರುವ ಸದ್ದು ಅದು. ಡಿಸ್ಕ್ ಸಾಯುವ ಮೊದಲು ಹೀಗೆ ಹೇಳುತ್ತದೆ. ಕೆಲವು ಡಿಸ್ಕುಗಳು ಹೇಳದೆಯೂ ಹೋಗುತ್ತವೆ.

ಆ ಡಿಸ್ಕಿನಲ್ಲಿ ಏನಿತ್ತು? ಅನುವಾದದ ಕಡತಗಳಿದ್ದವು, ಅವು ಹೋದರೂ ಗಿರಾಕಿಗಳ ಹತ್ತಿರ ಇವೆ. ಬಿಲ್ಲುಗಳಿದ್ದವು, ಹೋದರೆ ತೆರಿಗೆಯವರ ಮುಂದೆ ತಲೆ ಕೆರೆದುಕೊಳ್ಳಬಹುದು. ಹೋದರೆ ಮತ್ತೆ ಬರದೇ ಇರುವುದು ಒಂದೇ ಇತ್ತು. ಎಂ.ಎ. ಮಾಡುವಾಗ ಮತ್ತು ಅದರ ನಂತರದ ಎರಡು ವರ್ಷ ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಗಳಲ್ಲಿ ಓಡಾಡಿ ಮಾಡಿಕೊಂಡ ಧ್ವನಿಮುದ್ರಣಗಳು. ಸೊಲ್ಲಾಪುರ ಜಿಲ್ಲೆಯ ಆ ಭಾಗದಲ್ಲಿ ಮನೆಮಾತು ಕನ್ನಡ, ಶಾಲೆ ಮರಾಠಿ ಎನ್ನುವ ಮನೆಗಳು ಬಹಳ. ಅಲ್ಲಿಯ ಅಜ್ಜಿಯರ ಮಾತು, ಒಟ್ಟು ಮೂವತ್ತೊಂದು ಗಂಟೆ. ಅದರಲ್ಲಿ ಅರ್ಧಕ್ಕೆ ಇನ್ನೊಂದು ಪ್ರತಿ ಇತ್ತು. ಉಳಿದರ್ಧಕ್ಕೆ ಇರಲಿಲ್ಲ. ಭಾಷಾಶಾಸ್ತ್ರ ಓದಿದವರು ಹೀಗೆ ಮಾಡಬಾರದು, ಮಾಡಿದ್ದೆ. ಬೈಯುವವರು ಬೈದುಕೊಳ್ಳಿ, ನಾನಾಗಲೇ ಸಾಕಷ್ಟು ಬೈದುಕೊಂಡಿದ್ದೇನೆ.

ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಟೋಕನ್, ಎಸಿ, ನೀರಿನ ಬಾಟಲಿ ಎಲ್ಲ ಚೆಂದ. ಕೌಂಟರಿನ ಹುಡುಗ ಲ್ಯಾಪ್‌ಟಾಪನ್ನು ತೆರೆದೂ ನೋಡದೆ ಒಂದು ಫಾರಂ ಮುಂದಿಟ್ಟ. ಅದರಲ್ಲಿ ಮೂರು ಮಾತು. ಒಳಗಿನ ಮಾಹಿತಿಗೆ ನಾವು ಹೊಣೆಯಲ್ಲ. ಹೊಸ ಡಿಸ್ಕ್ ಮತ್ತು ಕೂಲಿ ಸೇರಿ ಒಂಬತ್ತು ಸಾವಿರದ ಎಂಟುನೂರು. ಬದಲಿಸಿದ ಹಳೆಯ ಡಿಸ್ಕ್ ಕಂಪನಿಗೆ ಸೇರುತ್ತದೆ. ಹಳೆಯದನ್ನು ನನಗೇ ಕೊಡಿ ಎಂದೆ. ಎಕ್ಸ್‌ಚೇಂಜ್ ರೇಟು, ಕೊಡಲಾಗುವುದಿಲ್ಲ ಎಂದ. ಅದರಲ್ಲಿ ಹತ್ತಾರು ಜನರ ಮಾತಿದೆ, ಬೇರೆಯವರ ಕೈಗೆ ಹೋಗುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟು ಮುದ್ರಿಸಿಕೊಂಡಿದ್ದು ಎಂದೆ. ಆತ ಮರುಕದಿಂದಲೇ ನೋಡಿದ, ಪಾಪ, ನಿಯಮ ಅವನದಲ್ಲ. ಕೊನೆಗೆ ದನಿ ತಗ್ಗಿಸಿ, ಇಷ್ಟು ಹಳೆಯದಕ್ಕೆ ಇಷ್ಟು ಹಾಕುವ ಬದಲು ಹೊಸದೇ ತೆಗೆದುಕೊಳ್ಳಿ ಎಂದ.

ಸಂಜೆ ಬೆಂಗಳೂರಿನ ಭಾವನಿಗೆ ಫೋನ್ ಮಾಡಿದೆ. ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರಿನಲ್ಲಿರುವ ಮನುಷ್ಯ. “ಸುಮ್ನ ಯಾಕ ರಿಸ್ಕು? ನೀ ಬಿಚ್ಚಾಕ ಹೋಗಬ್ಯಾಡ. ಹೊಸಾದ ತಗೋ” ಎಂದರು. ನೀವು ಎಂದಾದರೂ ಒಂದು ಲ್ಯಾಪ್‌ಟಾಪ್ ಬಿಚ್ಚಿ ನೋಡಿದ್ದೀರಾ ಭಾವ ಎಂದು ಕೇಳಿದೆ. ಇಲ್ಲವಂತೆ. ಒಮ್ಮೆಯೂ ಇಲ್ಲವಂತೆ.

ಇಲ್ಲಿಂದ ನನ್ನ ಸಿಟ್ಟು ಶುರು.

ಹಾರ್ಡ್ ಡಿಸ್ಕನ್ನು ಯಂತ್ರದ ಒಂದು ಬಿಡಿಭಾಗ ಎಂದು ಕರೆಯುವುದೇ ಮೊದಲ ಮೋಸ. ಫ್ಯಾನು ಬಿಡಿಭಾಗ, ಕೀಲಿಮಣೆ ಬಿಡಿಭಾಗ. ಡಿಸ್ಕ್ ನಿಮ್ಮ ಕಪಾಟು. ಬಡಗಿಯನ್ನು ಕರೆದು ಕಪಾಟಿನ ಬಾಗಿಲು ಸರಿಮಾಡು ಎಂದರೆ, ಒಳಗಿನ ಸೀರೆ, ಕಾಗದಪತ್ರ, ಅಪ್ಪನ ಫೋಟೋ ಏನಾದರೂ ನಾನು ಹೊಣೆಯಲ್ಲ, ಮತ್ತು ಹಳೆಯ ಕಪಾಟನ್ನು ತುಂಬಿದಂತೆಯೇ ನಾನು ಒಯ್ಯುತ್ತೇನೆ ಎಂದು ಅವನು ಅಂದರೆ ಮನೆಯೊಳಗೆ ಬಿಟ್ಟುಕೊಳ್ಳುತ್ತೀರಾ? ಕೆಲವು ಕಂಪನಿಗಳು ‘ಹಳೆಯ ಡಿಸ್ಕ್ ನಿಮ್ಮ ಬಳಿಯೇ ಇರಲಿ’ ಎಂಬುದನ್ನೇ ಒಂದು ಪ್ರತ್ಯೇಕ ಸೇವೆ ಮಾಡಿ ಹಣಕ್ಕೆ ಮಾರುತ್ತವೆ. ನಮ್ಮ ವಸ್ತು ನಮ್ಮಲ್ಲಿ ಉಳಿಯುವುದಕ್ಕೆ ನಾವು ದುಡ್ಡು ಕೊಡಬೇಕು.

ಇತಿಹಾಸದಲ್ಲಿ ಇದಕ್ಕೊಂದು ತಮಾಷೆಯ ಹಿನ್ನೆಲೆ ಇದೆ. ಮೊದಲ ಹಾರ್ಡ್ ಡಿಸ್ಕ್ ಬಂದದ್ದು 1956ರಲ್ಲಿ, ಐಬಿಎಂನ ರಾಮ್ಯಾಕ್ ಯಂತ್ರದ ಜೊತೆ. ತಲಾ 24 ಇಂಚು ಅಗಲದ 50 ತಟ್ಟೆಗಳು, ಒಟ್ಟು ಹಿಡಿಸುತ್ತಿದ್ದದ್ದು ಸುಮಾರು 5 ಎಂಬಿ. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ. ಅದನ್ನು ಎತ್ತಲು ಫೋರ್ಕ್‌ಲಿಫ್ಟ್ ಬೇಕಿತ್ತು. ಆ ಯಂತ್ರ ತಿಂಗಳಿಗೆ 3,200 ಡಾಲರ್ ಬಾಡಿಗೆಗೆ ಸಿಗುತ್ತಿತ್ತು. ಬಾಡಿಗೆಯ ವಸ್ತುವಿನ ಮುಚ್ಚಳ ನೀವು ತೆಗೆಯಬೇಡಿ, ನಮ್ಮ ಮನುಷ್ಯ ಬರುತ್ತಾನೆ ಎಂದು ಕಂಪನಿ ಹೇಳಿದರೆ ಅದರಲ್ಲಿ ನ್ಯಾಯವಿದೆ. ಈಗ ನಾವು ಪೂರ್ತಿ ಬೆಲೆ ಕೊಟ್ಟು, ಜಿಎಸ್‌ಟಿಯನ್ನೂ ಕೊಟ್ಟು ಕೊಳ್ಳುತ್ತೇವೆ. ಆದರೂ ನಮ್ಮ ಜೊತೆ ಮಾತಾಡುವ ಧಾಟಿ ಮಾತ್ರ ಬಾಡಿಗೆದಾರನ ಜೊತೆ ಮಾತಾಡಿದಂತೆಯೇ ಇದೆ.

ಧಾಟಿ ಎಂದೆ. ಅಲ್ಲಿಯೇ ನನ್ನ ತಪ್ಪೊಪ್ಪಿಗೆ.

ಹತ್ತು ವರ್ಷದಿಂದ ನನ್ನ ಊಟದ ಒಂದು ಪಾಲು ಬರುತ್ತಿರುವುದು ಯಂತ್ರಗಳ ಜೊತೆ ಬರುವ ಕಾಗದಗಳನ್ನು ಕನ್ನಡಕ್ಕೆ ಮಾಡುವುದರಿಂದ. ನೀವು ಅವನ್ನು ಓದಿರಲಾರಿರಿ. ಡಬ್ಬದಿಂದ ತೆಗೆದು ನೇರ ರದ್ದಿಗೆ ಹಾಕಿರುತ್ತೀರಿ, ಬೇಸರವಿಲ್ಲ. ಆದರೆ ಒಂದು ಸಂಗತಿ ನಿಮಗೆ ತಿಳಿದಿರಲಿ. ಕನ್ನಡಕ್ಕೆ ಮಾಡಲು ನನಗೆ ಕಳಿಸುವುದು ಯಾವಾಗಲೂ ‘ಸುರಕ್ಷತಾ ಸೂಚನೆ’ಯ ಹಾಳೆ. ಬಿಚ್ಚುವುದು ಹೇಗೆ, ಜೋಡಿಸುವುದು ಹೇಗೆ ಎಂದು ಹೇಳುವ ಪುಸ್ತಕ ಒಮ್ಮೆಯೂ ಬಂದಿಲ್ಲ. ಆ ಪುಸ್ತಕಗಳು ಇಲ್ಲವೆಂದಲ್ಲ. ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳಿಗೆ ಪ್ರತಿ ಸ್ಕ್ರೂವಿನ ಉದ್ದ ಸಮೇತ ಬರೆದ ನಿರ್ವಹಣೆಯ ಕೈಪಿಡಿ ಇದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಡೆಲ್‌ನವರದೂ ಹಾಗೆಯೇ. ಇಂಗ್ಲಿಷಿನಲ್ಲಿ. ಹೇಗೆ ತೆರೆಯಬೇಕು ಎಂಬುದು ಇಂಗ್ಲಿಷಿಗೆ, ತೆರೆಯಬೇಡ ಎಂಬುದು ಕನ್ನಡಕ್ಕೆ.

ಒಮ್ಮೆ ಕುತೂಹಲಕ್ಕೆ ನನ್ನದೇ ಅನುವಾದದ ಒಂದು ಹಾಳೆ ತೆಗೆದು ‘ಬಾರದು’, ‘ಕೂಡದು’, ‘ಬೇಡಿ’ಗಳನ್ನು ಎಣಿಸಿದೆ. ಎರಡು ಪುಟದಲ್ಲಿ ಇಪ್ಪತ್ಮೂರು. ಕರ್ತೃ ಯಾರು ಎಂದೇ ತಿಳಿಯದ ವಾಕ್ಯಗಳು: ತೆರೆಯತಕ್ಕದ್ದಲ್ಲ, ಅರ್ಹ ಸಿಬ್ಬಂದಿಯಿಂದ ಮಾತ್ರ ನಿರ್ವಹಿಸಲ್ಪಡಬೇಕು. ಯಾರು ಈ ಅರ್ಹ ಸಿಬ್ಬಂದಿ? ಅವರಿಗೆ ಅರ್ಹತೆ ಕೊಟ್ಟವರು ಯಾರು? ಆ ‘ಪಡಬೇಕು’ ಒಂದೇ ಸಾಕು, ಓದುವವರ ಬೆನ್ನು ತಾನಾಗಿ ಬಾಗಲು. ಕೋರ್ಟಿನ ನೋಟೀಸು, ತಹಶೀಲ್ದಾರರ ಹುಕುಂ, ಶಾಲೆಯ ಗೋಡೆ, ಎಲ್ಲ ಕಡೆ ನಮ್ಮನ್ನು ಹೆದರಿಸಿದ ವ್ಯಾಕರಣವೇ ಇಲ್ಲೂ ಬಂದು ಕೂತಿದೆ. ಅದನ್ನು ಅಲ್ಲಿಗೆ ಕರೆತಂದದ್ದು ನಾನು, ಪದಕ್ಕಿಷ್ಟು ಪೈಸೆಯಂತೆ. ಒಂದು ಸಲ ‘ಅರ್ಹ ಸಿಬ್ಬಂದಿ’ಯನ್ನು ‘ಕೆಲಸ ಗೊತ್ತಿರುವವರು’ ಎಂದು ಮಾಡಿ ಕಳಿಸಿದ್ದೆ. ಮೂಲಕ್ಕೆ ನಿಷ್ಠವಾಗಿರಿ ಎಂಬ ಟಿಪ್ಪಣಿಯೊಂದಿಗೆ ವಾಪಸು ಬಂತು.

ಇದನ್ನು ಹೇಳಿದರೆ ತಕ್ಷಣ ಬರುವ ಉತ್ತರ, ಕನ್ನಡದಲ್ಲಿ ತಾಂತ್ರಿಕ ಸಂಗತಿ ಹೇಳುವುದು ಕಷ್ಟ, ಪದಗಳಿಲ್ಲ ಎಂದು. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಪದ ಎಲ್ಲಿಂದಾದರೂ ಬರುತ್ತದೆ: ಸ್ಕ್ರೂ ಸ್ಕ್ರೂವೇ, ಡಿಸ್ಕ್ ಡಿಸ್ಕೇ. ನಾನೂ ಎಳೆಯ ಹುಮ್ಮಸ್ಸಿನಲ್ಲಿ ಹಾರ್ಡ್ ಡಿಸ್ಕಿಗೆ ‘ಗಡಸುತಟ್ಟೆ’ ಎಂದು ಬರೆದವನ ಪೈಕಿ. ಓದಿದ ಅಕ್ಕ ಅದನ್ನು ಸ್ಟೀಲಿನ ಊಟದ ತಟ್ಟೆ ಎಂದುಕೊಂಡಳು. ಬೇಕಾದದ್ದು ಪದವಲ್ಲ, ಹೇಳುವ ಬಗೆ. ಅದು ಕನ್ನಡದಲ್ಲಿ ಬೇಕಾದಷ್ಟಿದೆ. ಯಾವುದಾದರೂ ಹಳೆಯ ಅಡುಗೆ ಪುಸ್ತಕ ತೆಗೆಯಿರಿ. ಅಲ್ಲಿ ಡಿಗ್ರಿ ಇಲ್ಲ, ನಿಮಿಷವೂ ಅಪರೂಪ. ಸಾಸಿವೆ ಸಿಡಿದ ಮೇಲೆ, ಹಸಿ ವಾಸನೆ ಹೋಗುವ ತನಕ, ಎಳೆಪಾಕ ಬಂದಾಗ, ಕೈಗೆ ಅಂಟದ ಹದಕ್ಕೆ. ಕಣ್ಣಿಗೆ, ಕಿವಿಗೆ, ಮೂಗಿಗೆ, ಬೆರಳಿಗೆ ಯಾವ ಗುರುತು ಸಿಕ್ಕರೆ ಮುಂದಿನ ಹೆಜ್ಜೆ ಎಂದು ಹೇಳುವ ಭಾಷೆ ಅದು. ಸೀರೆಗೆ ಕುಚ್ಚು ಕಟ್ಟುವುದು, ರಂಗೋಲಿಯ ಚುಕ್ಕೆ ಇಡುವುದು, ಕುಂಟೆ ಹೊಡೆಯುವುದು, ಎಲ್ಲವನ್ನೂ ನಾವು ಹೀಗೆಯೇ ಕಲಿತದ್ದು. ಡಿಸ್ಕ್ ಬದಲಿಸುವುದನ್ನೂ ಹೀಗೆಯೇ ಹೇಳಬಹುದು. ಹೇಳಿಯೇ ತೋರಿಸುತ್ತೇನೆ.

ಮೊದಲು ಒಳಗಿನದನ್ನು ಹೊರಗೆ ತೆಗೆಯಿರಿ, ಸ್ಕ್ರೂ ಆಮೇಲೆ. ಡಿಸ್ಕ್ ಸದ್ದು ಮಾಡುತ್ತಿದ್ದರೆ ಅದರ ಮೇಲೆ ಇನ್ನು ಹೊಸ ಕೆಲಸ ಹೇರಬೇಡಿ. ಓಡಿದ ಪ್ರತಿ ಗಂಟೆಯೂ ಅದರ ಉಳಿದ ಆಯುಸ್ಸಿನಿಂದ ಹೋಗುವುದು. ರಿಪೇರಿ ಮಾಡುತ್ತೇನೆ ಎನ್ನುವ ಪ್ರೋಗ್ರಾಂ ಓಡಿಸಬೇಡಿ. ಫ್ರಿಜ್ಜಿನಲ್ಲಿಟ್ಟರೆ ಬದುಕುತ್ತದೆ ಎಂದು ಹೇಳುವ ಸೋದರಮಾವನಿಗೆ ನಮಸ್ಕಾರ ಹೇಳಿ ಕಳಿಸಿ. ತಿರುಗುವ ಸದ್ದೇ ಇಲ್ಲದೆ ಬರೀ ಟಕ್ ಟಕ್ ಎಂದರೆ, ಮತ್ತು ಒಳಗಿರುವುದು ಬೆಲೆ ಕಟ್ಟಲಾಗದ್ದು ಎಂದರೆ, ಅಲ್ಲಿಗೇ ನಿಲ್ಲಿಸಿ ಮಾಹಿತಿ ಹೊರತೆಗೆಯುವ ಪರಿಣತರ ಹತ್ತಿರ ಹೋಗಿ. ಅದು ನಿಜಕ್ಕೂ ಪರಿಣತರ ಕೆಲಸ, ದುಬಾರಿ ಕೆಲಸ. ನನ್ನದು ಇನ್ನೂ ತಿರುಗುತ್ತಿತ್ತು, ಕಂಪ್ಯೂಟರಿಗೆ ಕಾಣುತ್ತಿತ್ತು, ನಡುನಡುವೆ ಮುಗ್ಗರಿಸುತ್ತಿತ್ತು ಅಷ್ಟೆ.

ಹೊಸ ಡಿಸ್ಕ್ ಕೊಳ್ಳುವಾಗ ಎಸ್‌ಎಸ್‌ಡಿಯನ್ನೇ ಕೊಳ್ಳಿ. ಅದರಲ್ಲಿ ತಿರುಗುವ ತಟ್ಟೆ ಇಲ್ಲ, ಬರೀ ಚಿಪ್ಪು. ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಎರಡೂವರೆ ಇಂಚಿನದು, ದಪ್ಪ 7 ಅಥವಾ 9.5 ಮಿಲಿಮೀಟರ್. ಅದೇ ಆಕಾರದ 7 ಮಿ.ಮೀ. ಸಾಟಾ ಎಸ್‌ಎಸ್‌ಡಿ ಅಲ್ಲಿ ಕೂರುತ್ತದೆ; ಸಡಿಲವಾದರೆ ಜೊತೆಗೆ ಬರುವ ಪ್ಲಾಸ್ಟಿಕ್ ಚೌಕಟ್ಟು ಅಂಟಿಸಿ. ಸ್ವಲ್ಪ ಈಚಿನ ಯಂತ್ರವಾದರೆ ಒಳಗೆ ಎಂ.2 ಇರಬಹುದು: 22 ಮಿ.ಮೀ. ಅಗಲ, ಸಾಮಾನ್ಯವಾಗಿ 80 ಮಿ.ಮೀ. ಉದ್ದದ ತೆಳು ಪಟ್ಟಿ. ಇದರಲ್ಲೊಂದು ಮೋಸವಿದೆ. ಸಾಟಾ ಎಂ.2 ಮತ್ತು ಎನ್‌ವಿಎಂಇ ಎಂ.2 ನೋಡಲು ಅಕ್ಕತಂಗಿಯರಂತೆ, ಆದರೆ ಒಂದರ ಜಾಗದಲ್ಲಿ ಇನ್ನೊಂದು ನಡೆಯಬೇಕೆಂದಿಲ್ಲ. ಅದಕ್ಕೇ ಹಳೆಯದನ್ನು ನೋಡಿ, ಮಾಡೆಲ್ ನಂಬರ್ ಬರೆದುಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು. ದೆಹಲಿಯವರಿಗೆ ನೆಹರು ಪ್ಲೇಸ್, ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ಹೈದರಾಬಾದಿನವರಿಗೆ ಸಿಕಂದರಾಬಾದಿನ ಸಿಟಿಸಿ ಇದ್ದೇ ಇದೆ. ಅಳತೆಯಲ್ಲೂ ಹುಷಾರು. 500 ಜಿಬಿಯ ಹಳೆಯ ಡಿಸ್ಕ್ 480 ಎಂದು ಬರೆದ ಎಸ್‌ಎಸ್‌ಡಿಯಲ್ಲಿ ಇಡಿಯಾಗಿ ಹಿಡಿಸುವುದಿಲ್ಲ. ವಿಂಡೋಸಿನಲ್ಲಿ 500 ಎಂಬುದು 465 ಎಂದು ಕಾಣುತ್ತದೆ. ಅಂಗಡಿಯವನು ಮೋಸ ಮಾಡಿಲ್ಲ, ಒಬ್ಬರು ಸಾವಿರದಲ್ಲಿ ಎಣಿಸುತ್ತಾರೆ, ಇನ್ನೊಬ್ಬರು 1024ರಲ್ಲಿ. ನಾನು ಒಂದು ಟಿಬಿಯದು ಕೊಂಡೆ. ಜೊತೆಗೆ ಸಾಟಾದಿಂದ ಯುಎಸ್‌ಬಿಗೆ ಹೋಗುವ ಒಂದು ಕೇಬಲ್. ಎರಡೂ ಸೇರಿ ಸರ್ವಿಸ್ ಸೆಂಟರ್ ಹೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆಯಿತು.

ಹಳೆಯದರಿಂದ ಹೊಸದಕ್ಕೆ ನಕಲು ಮಾಡಲು ನಾನು ಬಳಸಿದ್ದು ಡಿಡಿರೆಸ್ಕ್ಯೂ ಎಂಬ ಬಿಟ್ಟಿ ಪ್ರೋಗ್ರಾಂ. ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ ಅದರಲ್ಲಿ ಓಡಿಸಬೇಕು. ಅದರ ಗುಣ ನನಗೆ ಬಹಳ ಹಿಡಿಸಿತು. ಚೆನ್ನಾಗಿರುವ ಜಾಗಗಳನ್ನು ಮೊದಲು ಓದಿಕೊಂಡು ಹೋಗುತ್ತದೆ, ಕೆಟ್ಟದ್ದು ಎದುರಾದರೆ ಅಲ್ಲಿ ಜಗ್ಗಾಡದೆ ಬಿಟ್ಟು ಮುಂದೆ ಸಾಗುತ್ತದೆ, ಎಲ್ಲೆಲ್ಲಿ ಬಿಟ್ಟೆ ಎಂದು ಬರೆದಿಟ್ಟುಕೊಳ್ಳುತ್ತದೆ, ಕೊನೆಗೆ ಅವಕ್ಕೆ ಮರಳಿ ಬರುತ್ತದೆ. ಅಡಿಹಿಡಿದ ಪಾತ್ರೆಯಲ್ಲಿ ಮೇಲಿನ ಅನ್ನವನ್ನು ಕದಡದೆ ತೆಗೆದುಕೊಂಡು, ಆಮೇಲೆ ತಳ ಕೆರೆಯುವ ಹಾಗೆ. ಯಾವುದರಿಂದ ಯಾವುದಕ್ಕೆ ಎಂಬುದನ್ನು ಮಾತ್ರ ಮೂರು ಸಲ ಓದಿ ಎಂಟರ್ ಒತ್ತಿ. ಅದಲುಬದಲಾದರೆ ಖಾಲಿ ಡಿಸ್ಕ್ ಬಂದು ತುಂಬಿದ್ದನ್ನು ಅಳಿಸುತ್ತದೆ. ನಿಮ್ಮ ಹಳೆಯ ಡಿಸ್ಕ್ ಕೆಟ್ಟಿಲ್ಲ, ಬರೀ ನಿಧಾನವಾಗಿದೆ ಎಂದರೆ ಇಷ್ಟೆಲ್ಲ ಬೇಡ. ಕ್ಲೋನ್‌ಜಿಲ್ಲಾ ಸಾಕು, ಅಥವಾ ಬೇಕಾದ ಕಡತ ಮಾತ್ರ ಬೇರೆಡೆ ಇಟ್ಟು ಹೊಸದರಲ್ಲಿ ವಿಂಡೋಸ್ ಹೊಸದಾಗಿ ಹಾಕಿದರೂ ಆಯಿತು. ಬಿಟ್‌ಲಾಕರ್ ಇದ್ದರೆ ಅದರ 48 ಅಂಕೆಯ ಕೀಲಿಯನ್ನು ಎಲ್ಲಕ್ಕಿಂತ ಮೊದಲು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಈಗ ಮುಚ್ಚಳ. ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿದರೆ ನಿಜವಾಗಿ ಆರುತ್ತದೆ. ಚಾರ್ಜರ್ ಕೀಳಿ. ಬ್ಯಾಟರಿ ಹೊರಗೆ ಬರುವಂಥದ್ದಾದರೆ ತೆಗೆದಿಡಿ. ಹಾಸಿಗೆಯ ಮೇಲೆ, ಪಾಲಿಯೆಸ್ಟರ್ ಬಟ್ಟೆ ತೊಟ್ಟು ಕೂರಬೇಡಿ, ಮರದ ಮೇಜು ಒಳ್ಳೆಯದು. ನಲ್ಲಿಯನ್ನೋ ಬೇರೆ ದೊಡ್ಡ ಲೋಹದ ವಸ್ತುವನ್ನೋ ಒಮ್ಮೆ ಮುಟ್ಟಿ, ಮೈಮೇಲಿನ ಸ್ಥಿರವಿದ್ಯುತ್ತು ಇಳಿಯಲಿ. ಸ್ಕ್ರೂಗಳು ಒಂದೇ ಉದ್ದದವಲ್ಲ. ಗಿಡ್ಡದರ ಜಾಗಕ್ಕೆ ಉದ್ದದ್ದು ಹಾಕಿದರೆ ಮೇಲಿನ ಹೊದಿಕೆಗೆ ಗುಳ್ಳೆ ಬರುತ್ತದೆ. ನಾನು ಇಡ್ಲಿ ತಟ್ಟೆ ತಂದುಕೊಂಡು, ಲ್ಯಾಪ್‌ಟಾಪಿನಲ್ಲಿ ಯಾವ ಮೂಲೆಯದೋ ತಟ್ಟೆಯಲ್ಲೂ ಆ ಕಡೆಯ ಕುಳಿಗೆ ಹಾಕುತ್ತ ಹೋದೆ. ಎಲ್ಲ ತೆಗೆದರೂ ಮುಚ್ಚಳ ಬರದಿದ್ದರೆ ಎಳೆಯಬೇಡಿ. ರಬ್ಬರು ಪಾದದ ಕೆಳಗೆ ಒಂದೆರಡು ಅಡಗಿರುತ್ತವೆ. ಆಮೇಲೆ ಹಳೆಯ ಎಟಿಎಂ ಕಾರ್ಡಿನ ಅಂಚನ್ನು ಸಂದಿಗೆ ತೂರಿ ಸುತ್ತಲೂ ಎಳೆಯುತ್ತ ಬನ್ನಿ. ಟಪ್, ಟಪ್ ಎಂದು ಹಿಡಿಕೆ ಬಿಡುತ್ತವೆ. ಮುರಿದಂತೆ ಕೇಳಿಸುತ್ತದೆ, ಮುರಿದಿರುವುದಿಲ್ಲ. ನನ್ನ ಎದೆ ನಿಂತದ್ದು ಇಲ್ಲಿ ಮಾತ್ರ.

ಒಳಗಿನ ಬ್ಯಾಟರಿಯಾದರೆ ಅದರ ಕನೆಕ್ಟರನ್ನು ಮೊದಲು ಬಿಡಿಸಿ, ಪವರ್ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ಡಿಸ್ಕ್ ಒಂದು ತಗಡಿನ ಚೌಕಟ್ಟಿನಲ್ಲಿ ಕೂತಿರುತ್ತದೆ. ಚೌಕಟ್ಟಿನ ಸ್ಕ್ರೂ ತೆಗೆದು, ಡಿಸ್ಕನ್ನು ಮೇಲಕ್ಕೆ ಎತ್ತದೆ, ಕನೆಕ್ಟರಿನಿಂದ ಹಿಂದಕ್ಕೆ, ಡ್ರಾಯರ್ ಎಳೆದ ಹಾಗೆ ಸರಿಸಿ. ಹೊಸದನ್ನು ಅದೇ ಚೌಕಟ್ಟಿಗೆ ಕೂರಿಸಿ ಅದೇ ದಾರಿಯಲ್ಲಿ ತಳ್ಳಿ. ಕನೆಕ್ಟರಿನ ನಾಲಿಗೆ ಎಲ್ ಆಕಾರದಲ್ಲಿದೆ, ತಿರುವುಮುರುವಾಗಿ ಹೋಗುವುದೇ ಇಲ್ಲ. ಬಲ ಬೇಕಾಯಿತು ಎಂದರೆ ಏನೋ ತಪ್ಪಿದೆ, ತೆಗೆದು ನೋಡಿ. ಎಂ.2 ಆದರೆ ಇನ್ನೂ ಸುಲಭ. ಒಂದೇ ಸ್ಕ್ರೂ. ಪಟ್ಟಿಯನ್ನು ಓರೆಯಾಗಿ ತೂರಿ, ಮೆಲ್ಲಗೆ ಒತ್ತಿ ಮಲಗಿಸಿ, ಸ್ಕ್ರೂ ಬಿಗಿಯುವುದು. ಬ್ಯಾಟರಿ ಮತ್ತೆ ಸಿಗಿಸಿ, ಮುಚ್ಚಳ ಹಾಕಿ, ಗುಂಡಿ ಒತ್ತಿ. ನನಗೆ ಇಪ್ಪತ್ತೈದು ನಿಮಿಷ ಹಿಡಿಯಿತು, ಅದರಲ್ಲಿ ಹತ್ತು ನಿಮಿಷ ಉರುಳಿಹೋದ ಸ್ಕ್ರೂ ಹುಡುಕಿದ್ದು. ಹೊಸ ಡಿಸ್ಕಿನಲ್ಲಿ ಉಳಿಯುವ ಖಾಲಿ ಜಾಗವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆಮೇಲೆ ಸೇರಿಸಿಕೊಳ್ಳಬಹುದು. ನಡುವೆ ರಿಕವರಿ ಭಾಗ ಅಡ್ಡ ಕೂತಿದ್ದರೆ ತುಸು ಪೇಚಾಟ.

ಒಂದು ಮುಚ್ಚಳ ಮಾತ್ರ ತೆಗೆಯಬೇಡಿ. ಅದು ಹಾರ್ಡ್ ಡಿಸ್ಕಿನದೇ ಮುಚ್ಚಳ. ಒಳಗೆ ತಲೆಗೂ ತಟ್ಟೆಗೂ ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ನಮ್ಮ ತಲೆಗೂದಲು ಅದರ ಸಾವಿರಾರು ಪಟ್ಟು ದಪ್ಪ. ಮನೆಯ ಗಾಳಿಯ ಒಂದು ಧೂಳಿನ ಕಣ ಅಲ್ಲಿ ಬಂಡೆ. ನೋಡಿ, ಕಾರಣ ಹೇಳಿ ‘ಬೇಡಿ’ ಎಂದರೆ ಅದು ಅರ್ಥವಾಗುತ್ತದೆ, ಮತ್ತು ಅದನ್ನು ಯಾರೂ ಮೀರುವುದೂ ಇಲ್ಲ. ಕಾರಣವಿಲ್ಲದ ಇಪ್ಪತ್ಮೂರು ‘ಬೇಡಿ’ಗಳ ನಡುವೆ ಈ ಒಂದು ನಿಜವಾದ ‘ಬೇಡಿ’ ಕಳೆದುಹೋಗುತ್ತದೆ.

ಇನ್ನು ಎದುರು ವಾದಗಳು. ಕೆಲವು ಹುಸಿ, ಕೆಲವಕ್ಕೆ ತೂಕವಿದೆ.

ಎಲ್ಲವೂ ಕ್ಲೌಡಿನಲ್ಲಿದೆ, ಡಿಸ್ಕ್ ಯಾಕೆ ಎನ್ನುವವರಿಗೆ: ಕ್ಲೌಡ್ ಎಂದರೂ ಇನ್ನೊಬ್ಬರ ಡಿಸ್ಕೇ. ಅಲ್ಲಿ ಒಂದು ಪ್ರತಿ ಇಡಿ, ಬೇಡವೆನ್ನುವುದಿಲ್ಲ. ಅದಕ್ಕೂ ತಿಂಗಳ ಬಾಡಿಗೆ ಎಂಬುದು ನೆನಪಿರಲಿ. ರಾಮ್ಯಾಕ್ ಕಾಲಕ್ಕೆ ವಾಪಸು ಹೋದಂತಾಯಿತು.

ಎಲ್ಲರೂ ಮನೆಯಲ್ಲೇ ಮಾಡಿಕೊಂಡರೆ ರಿಪೇರಿ ಅಂಗಡಿಯವನ ಗತಿ ಏನು? ಇದಕ್ಕೆ ತೂಕವಿದೆ. ಇಲ್ಲಿಯ ತಾಪಕೀರ್ ಗಲ್ಲಿಯ ಸುತ್ತಮುತ್ತ ಕೈಯಗಲದ ಅಂಗಡಿಗಳಲ್ಲಿ ಕೂತು ಕೆಲಸ ಮಾಡುವವರು ನನಗೆ ಕಲಿಸಿದ್ದು ಬಹಳ. ಕೇಬಲ್ ಕೊಟ್ಟವನೇ, ನನ್ನೆದುರು ತನ್ನದೊಂದು ಹಳೆಯ ಯಂತ್ರ ಬಿಚ್ಚಿ, ಯಾವ ಕಡೆ ಎಳೆಯಬೇಕು ಎಂದು ತೋರಿಸಿ ಕಳಿಸಿದ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ನನ್ನ ಜಗಳ ಅವನ ಜೊತೆ ಅಲ್ಲ. ಕೈ ನಡುಗುವವರು, ಕಣ್ಣು ಮಂಜಾದವರು, ಪುರುಸೊತ್ತಿಲ್ಲದವರು ಅವನ ಹತ್ತಿರವೇ ಹೋಗಬೇಕು, ಹೋಗಿ ಎದುರಿಗೆ ಕೂತು ಮಾಡಿಸಿಕೊಳ್ಳಬೇಕು, ಹಳೆಯ ಡಿಸ್ಕ್ ಕೈಯಲ್ಲಿ ಹಿಡಿದು ಮನೆಗೆ ಬರಬೇಕು. ಅವನ ಹೊಟ್ಟೆಯ ಮೇಲೆ ಹೊಡೆಯುತ್ತಿರುವವರು ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದವರಲ್ಲ. ಯಾರೂ ತೆಗೆಯಲಾರದಂತೆ ಮಾಡುವವರು.

ಅಲ್ಲಿಗೇ ಬರುತ್ತೇನೆ. ಈಚೆಗೆ ಡಿಸ್ಕನ್ನು ಬೋರ್ಡಿಗೇ ಬೆಸುಗೆ ಹಾಕುವ ಪದ್ಧತಿ ಬಂದಿದೆ. ಆಪಲ್ 2016ರ ಟಚ್ ಬಾರ್ ಇರುವ ಮ್ಯಾಕ್‌ಬುಕ್ ಪ್ರೋದಲ್ಲಿ ಹೀಗೆ ಮಾಡಿತು. ಈಗಿನ ಅದರ ಲ್ಯಾಪ್‌ಟಾಪುಗಳೂ ಹಾಗೆಯೇ. ಇಂಥ ಯಂತ್ರದಲ್ಲಿ ಡಿಸ್ಕ್ ಕೆಟ್ಟರೆ ಬೋರ್ಡೇ ಬದಲಾಗಬೇಕು, ಬೋರ್ಡ್ ಕೆಟ್ಟರೆ ಚೆನ್ನಾಗಿರುವ ಡಿಸ್ಕೂ ಅದರ ಜೊತೆ ಸಹಗಮನ. ತೆಳ್ಳಗಾಗಬೇಕು ಎನ್ನುತ್ತಾರೆ. ಎಂ.2 ಪಟ್ಟಿಯೂ ತೆಳುವೇ. ಭದ್ರತೆ ಎನ್ನುತ್ತಾರೆ: ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ ಕೀಲಿಯನ್ನು ಬೋರ್ಡಿನ ಚಿಪ್ಪಿನಲ್ಲಿ ಇಟ್ಟರೆ ಕಳ್ಳನಿಗೆ ಸಿಗದು. ಇದು ನಿಜ, ಒಳ್ಳೆಯದೂ ಹೌದು. ಆದರೆ ಕೀಲಿ ಬೋರ್ಡಿನಲ್ಲಿರಲು ಡಿಸ್ಕಿಗೆ ಬೆಸುಗೆ ಬೇಕಾಗಿಲ್ಲ. ಅದೇ ಕಂಪನಿಯ 2024ರ ಮ್ಯಾಕ್ ಮಿನಿಯಲ್ಲಿ ಡಿಸ್ಕ್ ಬಿಡಿಸಿ ತೆಗೆಯಬಹುದಾದ ತುಂಡಾಗಿದೆ. ಮಾಡಲು ಬರುತ್ತದೆ ಎಂದಾಯಿತು, ಮನಸ್ಸಿಲ್ಲ. ಕೊಳ್ಳುವಾಗಲೇ ದೊಡ್ಡ ಡಿಸ್ಕಿಗೆ ಅವರು ಹೇಳಿದ ಬೆಲೆ ಕೊಡಿ, ಆಮೇಲೆ ದಾರಿಯಿಲ್ಲ ಎಂಬ ಲೆಕ್ಕ ನನ್ನ ಕಣ್ಣಿಗೆ ಇದರಲ್ಲಿ ಕಾಣುತ್ತದೆ.

ಸ್ಕ್ರೂವಿನ ಮೇಲೆ ಅಂಟಿಸಿದ ‘ತೆಗೆದರೆ ವಾರಂಟಿ ಇಲ್ಲ’ ಚೀಟಿಯ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯಿದೆಯ ಪ್ರಕಾರ, ನಮ್ಮ ಭಾಗ, ನಮ್ಮ ಸೇವೆಯನ್ನೇ ಬಳಸಬೇಕು ಎಂದು ವಾರಂಟಿಗೆ ಗಂಟು ಹಾಕುವುದು ಸಾಮಾನ್ಯವಾಗಿ ನಿಷಿದ್ಧ. 2018ರ ಏಪ್ರಿಲಿನಲ್ಲಿ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಆರು ಕಂಪನಿಗಳಿಗೆ ಇದೇ ಬಗ್ಗೆ ಎಚ್ಚರಿಕೆಯ ಪತ್ರ ಬರೆಯಿತು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿಗೆಂದು ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಪೋರ್ಟಲ್ ಒಳ್ಳೆಯದೇ. ಆದರೆ ಪೋರ್ಟಲ್ ಕಾನೂನಲ್ಲ. ಕೌಂಟರಿನ ಹುಡುಗನ ಮುಂದೆ ಅದನ್ನು ಹಿಡಿದು, ನನ್ನ ಡಿಸ್ಕ್ ನನಗೆ ಕೊಡು ಎನ್ನಲಾಗುವುದಿಲ್ಲ. ಹಾಗೆ ಎನ್ನಲು ಬರುವಂಥ ಒಂದು ಸಾಲು ಕಾನೂನಿನಲ್ಲಿ ಬೇಕು: ಮಾಹಿತಿ ತುಂಬಿದ ಭಾಗ ಯಾವ ಸ್ಥಿತಿಯಲ್ಲೂ ಮಾಲೀಕನದು. ಇನ್ನೊಂದು ಸಾಲು: ತೆರೆಯಬೇಡಿ ಎಂಬುದು ಯಾವ ಯಾವ ಭಾಷೆಯಲ್ಲಿ ಬಂದಿದೆಯೋ, ತೆರೆಯುವುದು ಹೇಗೆ ಎಂಬುದೂ ಆ ಎಲ್ಲ ಭಾಷೆಯಲ್ಲಿ ಬರಲಿ. ಅನುವಾದ ನಾನು ಮಾಡಿಕೊಡುತ್ತೇನೆ. ಅದೇ ಪದಕ್ಕಿಷ್ಟು ಪೈಸೆಗೆ.

ಡಿಡಿರೆಸ್ಕ್ಯೂ ಹತ್ತೊಂಬತ್ತು ಗಂಟೆ ಓಡಿತು. ಕೊನೆಗೆ ಓದಲಾಗದೆ ಉಳಿದದ್ದು 11 ಎಂಬಿ. ಅಷ್ಟರಲ್ಲಿ ಹೆಚ್ಚಿನದು ವಿಂಡೋಸಿನ ಯಾವುದೋ ಕಡತ, ಏನೂ ತೊಂದರೆಯಾಗಲಿಲ್ಲ. ಧ್ವನಿಮುದ್ರಣಗಳಲ್ಲಿ ಎರಡಕ್ಕೆ ಪೆಟ್ಟು ಬಿದ್ದಿತ್ತು. ಹಳೆಯ ಡಿಸ್ಕ್ ಬೀರುವಿನಲ್ಲಿದೆ. ಮೂವತ್ತೊಂದು ಗಂಟೆಯ ಇನ್ನೊಂದು ಪ್ರತಿಯನ್ನು ಊರಲ್ಲಿ ಅವ್ವನ ಟ್ರಂಕಿನೊಳಗೆ, ಜಮೀನಿನ ಪಹಣಿಗಳ ಪಕ್ಕ ಇಟ್ಟು ಬಂದಿದ್ದೇನೆ.

ಪೆಟ್ಟು ಬಿದ್ದ ಎರಡರಲ್ಲಿ ಒಂದು, ಈಗ ಇಲ್ಲದ ಒಬ್ಬ ಅಜ್ಜಿಯದು. ಬೀಸುವ ಕಲ್ಲಿನ ಗೂಟಕ್ಕೆ ನಿಮ್ಮ ಕಡೆ ಏನನ್ನುತ್ತೀರಿ ಎಂದು ನಾನು ಕೇಳುತ್ತೇನೆ. ಆಮೇಲೆ ನಾಲ್ಕು ಸೆಕೆಂಡು ಏನೂ ಇಲ್ಲ. ಮತ್ತೆ ದನಿ ಬರುವ ಹೊತ್ತಿಗೆ ಅಜ್ಜಿ ಜೋಳ ಈ ವರ್ಷ ಹೇಗೆ ಬಂದಿದೆ ಎಂಬ ಮಾತಿಗೆ ಹೋಗಿಬಿಟ್ಟಿದ್ದಾಳೆ, ಹಿಂದೆ ಎಮ್ಮೆ ಕೂಗುತ್ತಿದೆ.